ಊಟ ಇದ್ದಾಗಲೂ ಹಸಿವಿಲ್ಲವಾ? ಆಸ್ಟ್ರೇಲಿಯಾದ ಮೂಲನಿವಾಸಿಗಳು ಮತ್ತು ಮನೋರೋಗದ ಪತ್ತೆ

ನಿಮ್ಮಲ್ಲಿ ನರ್ಸುಗಳಿದ್ದೀರಿ, ಸಮಾಜಕಾರ್ಯ ಓದುತ್ತಿರುವವರಿದ್ದೀರಿ. ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿಯನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಖಿನ್ನತೆ ಇರಬಹುದಾ ಅಂತ ಮೊದಲ ಸುತ್ತಿನಲ್ಲಿ ನೋಡೋಕೆ ಪ್ರಪಂಚದ ತುಂಬಾ ಬಳಸುವ ಒಂಬತ್ತು ಪ್ರಶ್ನೆಗಳು. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಇವರನ್ನು ಸರಿಯಾಗಿ ಪರೀಕ್ಷೆ ಮಾಡಬೇಕು ಅಂತ ತೀರ್ಮಾನಿಸುತ್ತೇವೆ. ಅದರಲ್ಲಿ ಐದನೆಯದು ಊಟದ ಪ್ರಶ್ನೆ. ಹಸಿವು ಕಡಿಮೆಯಾಗಿದೆಯಾ, ಇಲ್ಲಾ ಅತಿಯಾಗಿ ತಿನ್ನುತ್ತಿದ್ದೀರಾ?

ಆಸ್ಟ್ರೇಲಿಯಾದ ನಟ್ಟನಡುವೆ, ಮರುಭೂಮಿಯಲ್ಲಿ, ಆಲಿಸ್ ಸ್ಪ್ರಿಂಗ್ಸ್ ಅನ್ನೋ ಊರಿದೆ. ಆ ಭಾಗದ ಅಬೊರಿಜಿನಲ್ ಜನರ ಜೊತೆ ಕೂತು ಈ ಪ್ರಶ್ನಾವಳಿಯನ್ನು ತಿದ್ದಿದರು. ತಿದ್ದಿದ ಮೇಲೆ ಊಟದ ಪ್ರಶ್ನೆ ಹೀಗಾಯಿತು: ಊಟ ಇದ್ದಾಗಲೂ ತಿನ್ನಬೇಕು ಅಂತ ಅನ್ನಿಸಲಿಲ್ಲವಾ?

‘ಊಟ ಇದ್ದಾಗಲೂ.’ ಸೇರಿಸಿದ್ದು ಇಷ್ಟೇ. ಇದು ಯಾಕೆ ಬೇಕಾಯಿತು ಯೋಚನೆ ಮಾಡಿ. ದೂರದ ಊರು. ಇಡೀ ಊರಿಗೆ ಒಂದೇ ಅಂಗಡಿ. ಸಾಮಾನು ನೂರಾರು ಕಿಲೋಮೀಟರ್ ದೂರದಿಂದ ಲಾರಿಯಲ್ಲಿ ಬರಬೇಕು, ಬೆಲೆ ಪಟ್ಟಣಕ್ಕಿಂತ ಎಷ್ಟೋ ಜಾಸ್ತಿ. ಕೈಗೆ ದುಡ್ಡು ಬರೋ ದಿನಕ್ಕೆ ಮುಂಚೆ ಮನೆಯಲ್ಲಿ ಊಟವೇ ಇಲ್ಲದಿರಬಹುದು. ಅಂಥವರನ್ನು ‘ಎರಡು ವಾರದಿಂದ ಊಟ ಕಡಿಮೆಯಾಗಿದೆಯಾ’ ಅಂತ ಕೇಳಿದರೆ ಹೌದು ಅಂತಲೇ ಹೇಳುತ್ತಾರೆ. ನಾವು ಮೂರು ಅಂಕ ಹಾಕುತ್ತೇವೆ. ಬಡತನಕ್ಕೆ ಹಾಕಿದ ಅಂಕ ಖಿನ್ನತೆಯ ಖಾತೆಗೆ ಹೋಗಿ ಕೂರುತ್ತದೆ.

ನಾನು ಇವತ್ತು ಹೇಳಬೇಕು ಅಂತ ಬಂದಿರೋದು ಇದೇ ವಿಷಯ. ಒಂದು ಸಮುದಾಯಕ್ಕೆ ಹೊಂದದ ಪ್ರಶ್ನೆ ಎರಡೂ ಕಡೆ ತಪ್ಪು ಮಾಡುತ್ತದೆ. ಕಾಯಿಲೆ ಇಲ್ಲದ ಕಡೆ ಕಾಯಿಲೆ ಕಾಣುತ್ತದೆ, ನಿಜವಾಗಿ ಕಾಯಿಲೆ ಇರುವ ಕಡೆ ಏನೂ ಇಲ್ಲ ಅನ್ನುತ್ತದೆ. ಮೊದಲನೆಯ ತಪ್ಪಿನ ಬಗ್ಗೆ ತುಂಬಾ ಜನ ಮಾತಾಡಿದ್ದಾರೆ. ಎರಡನೆಯದರ ಬಗ್ಗೆ ಮಾತು ಕಡಿಮೆ. ನನಗೆ ಜಾಸ್ತಿ ಚಿಂತೆ ಆಗೋದು ಎರಡನೆಯದರಿಂದಲೇ.

ಮೊದಲು ಈ ಜನ ಯಾರು ಅಂತ ಸ್ವಲ್ಪ ನೋಡೋಣ. ಆಸ್ಟ್ರೇಲಿಯಾದಲ್ಲಿ ಅಬೊರಿಜಿನಲ್ ಮತ್ತು ಟೊರೆಸ್ ಸ್ಟ್ರೇಟ್ ದ್ವೀಪಗಳ ಜನ ಅಂತ ಎರಡು ಹೆಸರಲ್ಲಿ ಗುರುತಿಸುತ್ತಾರೆ. 2021ರ ಜನಗಣತಿಯಲ್ಲಿ ಹೀಗೆ ಗುರುತಿಸಿಕೊಂಡವರು 8 ಲಕ್ಷದ 12 ಸಾವಿರ, ದೇಶದ ಜನಸಂಖ್ಯೆಯ ನೂರಕ್ಕೆ ಮೂರು ಪಾಲು. 1788ರಲ್ಲಿ ಬ್ರಿಟಿಷರು ಬಂದು ಇಳಿಯುವ ಹೊತ್ತಿಗೆ ಅಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಹಾಗಾಗಿ ‘ಮೂಲನಿವಾಸಿಗಳ ಸಂಸ್ಕೃತಿ’ ಅಂತ ಒಂದೇ ಮೂಟೆ ಕಟ್ಟೋಕೆ ಆಗಲ್ಲ. ಮರುಭೂಮಿಯ ಪಿಟ್ಜಂಜಾರ ಮಾತಾಡುವವರು ಬೇರೆ, ವಾಯವ್ಯ ಮೂಲೆಯ ಕಿಂಬರ್ಲಿಯವರು ಬೇರೆ. ಇನ್ನೊಂದು ಮಾತು ನೆನಪಿಡಿ. ಇವರಲ್ಲಿ ದೂರದ ಊರುಗಳಲ್ಲಿ ಇರುವವರು ನೂರಕ್ಕೆ ಹದಿನೈದರಷ್ಟು ಮಾತ್ರ. ಉಳಿದವರು ಸಿಡ್ನಿ, ಬ್ರಿಸ್ಬೇನ್‌ನಂಥ ಪಟ್ಟಣಗಳಲ್ಲೋ ಅಷ್ಟೇನೂ ದೂರವಲ್ಲದ ಸಣ್ಣ ಊರುಗಳಲ್ಲೋ ಇದ್ದಾರೆ. ನಾನು ಇವತ್ತು ಕೊಡುವ ಉದಾಹರಣೆಗಳಲ್ಲಿ ಹೆಚ್ಚಿನವು ದೂರದ ಊರುಗಳವು, ಯಾಕೆಂದರೆ ಹೊಸ ಪ್ರಶ್ನಾವಳಿಗಳನ್ನು ಕಟ್ಟುವ ಕೆಲಸ ಅಲ್ಲಿ ಚೆನ್ನಾಗಿ ನಡೆದಿದೆ. ಆದರೆ ಸಿಡ್ನಿಯ ಪಶ್ಚಿಮ ಬಡಾವಣೆಯಲ್ಲಿ ಬೆಳೆದ ಹುಡುಗಿಗೂ ಇದೆಲ್ಲ ಹಾಗೇ ಅನ್ವಯಿಸುತ್ತದೆ ಅಂತ ತಿಳಿಯಬೇಡಿ. ಅವಳನ್ನು ಅವಳ ಬದುಕಿನ ಬಗ್ಗೆಯೇ ಕೇಳಬೇಕು.

ಈಗ ಮೊದಲನೇ ಬಗೆಯ ತಪ್ಪಿಗೆ ಬರೋಣ. ಇಲ್ಲದ ಕಾಯಿಲೆಯನ್ನು ಕಾಣುವುದು.

ಅಜ್ಜಿ ತೀರಿಕೊಂಡಿದ್ದಾಳೆ. ಮೊಮ್ಮಗನಿಗೆ ಅವಳ ದನಿ ಕೇಳಿಸುತ್ತದೆ, ಸಂಜೆ ಹೊತ್ತು ಅವಳು ಕಾಣಿಸುತ್ತಾಳೆ. ಅನೇಕ ಅಬೊರಿಜಿನಲ್ ಸಮುದಾಯಗಳಲ್ಲಿ ಇದು ಹೆದರುವ ಸಂಗತಿಯೇ ಅಲ್ಲ. ಸತ್ತವರು ಹೀಗೆ ಬಂದು ಹೋಗುತ್ತಾರೆ, ಮನೆಯವರನ್ನು ನೋಡಿಕೊಳ್ಳುತ್ತಾರೆ. ಆ ಹುಡುಗ ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆಗೆ ಹೋಗುತ್ತಾನೆ. ಡಾಕ್ಟರು ತಮ್ಮ ಪಟ್ಟಿಯಲ್ಲಿರುವ ಪ್ರಶ್ನೆ ಕೇಳುತ್ತಾರೆ: ಬೇರೆಯವರಿಗೆ ಕೇಳಿಸದ ದನಿ ನಿನಗೆ ಕೇಳಿಸುತ್ತದಾ? ಹುಡುಗ ಪ್ರಾಮಾಣಿಕವಾಗಿ ಹೌದು ಅನ್ನುತ್ತಾನೆ. ಮುಂದಿನದನ್ನು ನೀವೇ ಊಹಿಸಬಹುದು.

ಸಾವಿನ ಸುತ್ತಲಿನ ಆಚರಣೆಗಳಿಗೆ ಅಲ್ಲಿ ‘ಸಾರಿ ಬಿಸಿನೆಸ್’ ಅನ್ನುತ್ತಾರೆ. ಅದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಡೆಯುತ್ತದೆ. ಎಷ್ಟೋ ಕಡೆ ಸತ್ತವರ ಹೆಸರು ಹೇಳುವಂತಿಲ್ಲ. ಕೆಲವು ಸಮುದಾಯಗಳಲ್ಲಿ ದುಃಖಕ್ಕೆ ಮೈಮೇಲೆ ಗಾಯ ಮಾಡಿಕೊಳ್ಳುವ ಪದ್ಧತಿಯಿದೆ. ಈ ಗಾಯದ ಕಲೆ ನೋಡಿದ ಹೊಸ ಡಾಕ್ಟರು ‘ತನ್ನನ್ನೇ ಗಾಯಗೊಳಿಸಿಕೊಂಡ ಇತಿಹಾಸವಿದೆ’ ಅಂತ ಫೈಲಿನಲ್ಲಿ ಬರೆದುಬಿಟ್ಟರೆ? ಆ ಒಂದು ಸಾಲು ಆ ಮನುಷ್ಯನ ಜೊತೆ ಎಷ್ಟು ವರ್ಷ ತಿರುಗುತ್ತದೋ ಯಾರಿಗೆ ಗೊತ್ತು.

ಇನ್ನು ಮೌನ. ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು. ಮನೋವೈದ್ಯರ ಟಿಪ್ಪಣಿಯಲ್ಲಿ ಇವೆರಡೂ ಲಕ್ಷಣಗಳಾಗಿ ದಾಖಲಾಗುತ್ತವೆ. ಅಲ್ಲಿ ಎಷ್ಟೋ ಕಡೆ ಅವು ಗೌರವ ಕೊಡುವ ರೀತಿ. ಪ್ರಶ್ನೆ ಕೇಳಿದ ಕೂಡಲೇ ಉತ್ತರ ಕೊಡಬೇಕು ಅಂತಿಲ್ಲ, ಸುಮ್ನೆ ಕೂತು ಯೋಚಿಸಬಹುದು.

ಡಯಾನಾ ಈಡ್ಸ್ ಅನ್ನುವ ಭಾಷಾವಿಜ್ಞಾನಿ ಇನ್ನೊಂದು ವಿಷಯವನ್ನು ಕೋರ್ಟುಗಳ ಸಂದರ್ಭದಲ್ಲಿ ವಿವರವಾಗಿ ತೋರಿಸಿದ್ದಾರೆ. ಅಧಿಕಾರದಲ್ಲಿರುವವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾ ಹೋದಾಗ ಅಬೊರಿಜಿನಲ್ ಜನ ಎಷ್ಟೋ ಸಲ ‘ಹೌದು’ ಅಂದುಬಿಡುತ್ತಾರೆ. ಒಪ್ಪಿಗೆಯಿದೆ ಅಂತ ಅಲ್ಲ, ಅರ್ಥವಾಗಿದೆ ಅಂತಲೂ ಅಲ್ಲ. ಈ ಮಾತುಕತೆ ಬೇಗ ಮುಗಿಯಲಿ, ಜಗಳವಾಗದಿರಲಿ ಅಂತ. ನಮಗೆ ಇದು ಹೊಸದಾ? ತಾಲ್ಲೂಕು ಕಚೇರಿಯಲ್ಲಿ ನಿಂತ ನಮ್ಮ ಹಳ್ಳಿಯ ಮನುಷ್ಯ ಸಾಹೇಬರು ಕೇಳಿದ್ದಕ್ಕೆಲ್ಲ ‘ಹೂಂ ಸ್ವಾಮಿ’ ಅನ್ನಲ್ವಾ? ಈಗ ಪಿಎಚ್‌ಕ್ಯೂ ನೆನಪು ಮಾಡಿಕೊಳ್ಳಿ. ಅದೂ ಒಂದರ ಹಿಂದೊಂದು ಬರುವ ಪ್ರಶ್ನೆಗಳ ಸರಮಾಲೆ. ಅಂಥ ಕಡೆ ಪ್ರಶ್ನಾವಳಿ ಅಳೆಯುವುದು ಮನಸ್ಸನ್ನಲ್ಲ, ಕೇಳುವವರ ಮೇಲಿನ ಭಯವನ್ನು.

ಇಲ್ಲಿ ಸ್ವಲ್ಪ ನಮ್ಮ ಊರಿನ ಕಡೆ ಹೋಗಿಬರುತ್ತೇನೆ. 1970ರ ದಶಕದಲ್ಲಿ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅನ್ನುವ ಇಬ್ಬರು ಮನೋವೈದ್ಯರು ನಮ್ಮ ಕರಾವಳಿಯ ಕೋಟದಲ್ಲಿ ಮನೆಮನೆಗೆ ಹೋಗಿ ಮಾನಸಿಕ ಆರೋಗ್ಯದ ಸಮೀಕ್ಷೆ ಮಾಡಿದರು. ಬ್ರಾಹ್ಮಣರು, ಬಂಟರು, ಮೊಗೇರರು ಅಂತ ಮೂರು ಸಮುದಾಯಗಳನ್ನು ನೋಡಿದರು. ಇಂಗ್ಲೆಂಡಿನ ಪ್ರಶ್ನಾವಳಿಯನ್ನೇ ತಂದು ಕೇಳಿದರೆ ಆಗಲ್ಲ ಅಂತ ಕಂಡು, ಭಾರತಕ್ಕೆ ಅಂತಲೇ ಬೇರೆ ಸಮೀಕ್ಷಾ ಪ್ರಶ್ನಾವಳಿ ಕಟ್ಟಿದರು. ಮೈಮೇಲೆ ಬರುವುದನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವ ಪ್ರಶ್ನೆ ಅಲ್ಲಿ ಎದುರಾಯಿತು. ಕರಾವಳಿಯವರು ಇಲ್ಲಿದ್ದರೆ ನಿಮಗೆ ಗೊತ್ತು. ಕೋಲದಲ್ಲಿ ಪಾತ್ರಿಯ ಮೈಮೇಲೆ ದೈವ ಬಂದರೆ ಯಾರೂ ಆಂಬುಲೆನ್ಸ್ ಕರೆಯುವುದಿಲ್ಲ. ಅದೇ ಊರಿನ ಒಬ್ಬ ಹೆಂಗಸು ವರ್ಷಗಟ್ಟಲೆ ಮನೆಯಿಂದ ಹೊರಗೆ ಬಾರದೆ, ಸ್ನಾನ ಮಾಡದೆ, ಗೋಡೆಯ ಜೊತೆ ಜಗಳವಾಡುತ್ತಿದ್ದರೆ ಅದು ಬೇರೆ ಅಂತ ಊರಿಗೇ ಗೊತ್ತಾಗುತ್ತದೆ. ಯಾವುದು ಸಹಜ, ಯಾವುದು ಕಾಯಿಲೆ ಅನ್ನುವ ವಿವೇಕ ಆ ಸಮುದಾಯದ ಒಳಗೇ ಇರುತ್ತದೆ. ಹೊರಗಿನಿಂದ ಹೋದ ಡಾಕ್ಟರು ಅದನ್ನು ಕೇಳಿ ತಿಳಿದುಕೊಳ್ಳಬೇಕು. ಆಸ್ಟ್ರೇಲಿಯಾದಲ್ಲಿ ನೂರಾರು ವರ್ಷ ಆಗದೇ ಹೋದದ್ದು ಇದೇ ಕೆಲಸ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. 2016ರಲ್ಲಿ ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞರ ಸಂಘ ಅಬೊರಿಜಿನಲ್ ಮತ್ತು ಟೊರೆಸ್ ಸ್ಟ್ರೇಟ್ ಜನರ ಕ್ಷಮೆ ಕೇಳಿತು. ಬಾಯಿಮಾತಿನ ಕ್ಷಮೆ ಅಲ್ಲ, ಏನೇನು ತಪ್ಪು ಅಂತ ಪಟ್ಟಿ ಮಾಡಿತು. ನಿಮ್ಮ ನಂಬಿಕೆ, ನಿಮ್ಮ ಲೋಕದೃಷ್ಟಿಗೆ ಬೆಲೆ ಕೊಡದ ರೋಗನಿರ್ಣಯ ಪದ್ಧತಿಗಳನ್ನು ಬಳಸಿದೆವು. ನಿಮ್ಮ ಸಾಮರ್ಥ್ಯದ ಬಗ್ಗೆ ತಪ್ಪು ಸಂದೇಶ ಕೊಡುವ ಪರೀಕ್ಷೆಗಳನ್ನು ನಡೆಸಿದೆವು. ಈ ಎರಡೂ ಆ ಪಟ್ಟಿಯಲ್ಲಿವೆ. ಒಂದು ವೃತ್ತಿಯೇ ಎದ್ದು ನಿಂತು ‘ನಮ್ಮ ಅಳತೆಗೋಲೇ ತಪ್ಪಿತ್ತು’ ಅಂತ ಹೇಳುವುದು ದೊಡ್ಡ ವಿಷಯ. ನಮ್ಮ ದೇಶದ ವೃತ್ತಿಸಂಘಗಳೂ ಇದನ್ನು ಓದಬೇಕು ಅಂತ ನನ್ನ ಆಸೆ.

ಈಗ ಎರಡನೇ ತಪ್ಪು. ಇದ್ದ ಕಾಯಿಲೆ ಕಾಣದೇ ಹೋಗುವುದು.

ಕಿಂಬರ್ಲಿ ಅಂದೆನಲ್ಲ, ಅದು ಪಶ್ಚಿಮ ಆಸ್ಟ್ರೇಲಿಯಾದ ಉತ್ತರ ತುದಿ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಎರಡು ಪಟ್ಟು. ಜನ ಮಾತ್ರ ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ. ಅಲ್ಲಿಯ ಅಬೊರಿಜಿನಲ್ ಹಿರಿಯರಲ್ಲಿ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಎಷ್ಟಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಯಾಕೆಂದರೆ ಅದನ್ನು ಪತ್ತೆ ಮಾಡುವ ಪರೀಕ್ಷೆಗಳೆಲ್ಲ ಶಾಲೆಗೆ ಹೋದವರಿಗೆ ಮಾಡಿದವು. ಇವತ್ತು ತಾರೀಖು ಎಷ್ಟು? ನೂರರಿಂದ ಏಳೇಳು ಕಳೆಯುತ್ತಾ ಹೋಗಿ. ಒಂದು ವಾಕ್ಯ ಬರೆಯಿರಿ. ಜೀವಮಾನದಲ್ಲಿ ಕ್ಯಾಲೆಂಡರ್ ನೋಡದ, ಪೆನ್ನು ಹಿಡಿಯದ ದನಗಾಹಿಯೊಬ್ಬ ಈ ಪರೀಕ್ಷೆಯಲ್ಲಿ ಯಾವತ್ತೂ ಪಾಸಾಗುವುದಿಲ್ಲ. ಹಾಗಂತ ಪರೀಕ್ಷೆಯನ್ನು ಬಿಟ್ಟುಬಿಟ್ಟರೆ ‘ವಯಸ್ಸಾಯಿತು, ಮರೆವು ಸಹಜ’ ಅಂತ ಎಲ್ಲರೂ ಸುಮ್ಮನಾಗುತ್ತಾರೆ.

ದೀನಾ ಲೋಜುಡಿಚೆ ಮತ್ತು ಸಂಗಡಿಗರು ಅಲ್ಲಿಯ ಜನರ ಜೊತೆ ಸೇರಿ ಒಂದು ಪರೀಕ್ಷೆ ಕಟ್ಟಿದರು. 2006ರಲ್ಲಿ ಪ್ರಕಟವಾಯಿತು. ಹೆಸರು ಕೀಕಾ. ಅದರಲ್ಲಿ ನೆನಪಿಟ್ಟುಕೊಳ್ಳಬೇಕಾದ ವಸ್ತುಗಳು ಬಾಚಣಿಗೆ, ಬೆಂಕಿಪೊಟ್ಟಣ, ಟೀ ಕುಡಿಯುವ ತಗಡಿನ ಲೋಟ. ಇವು ಕಣ್ಣೆದುರು ಇರುತ್ತವೆ, ಕೈಯಲ್ಲಿ ಹಿಡಿದು ನೋಡಬಹುದು. ಮೊದಲು ಆಕಾಶ ತೋರಿಸಿ, ಆಮೇಲೆ ನೆಲ ತೋರಿಸಿ ಅಂತ ಹೇಳುತ್ತಾರೆ. ಮನೆಯವರನ್ನೂ ಮಾತಾಡಿಸುತ್ತಾರೆ. ಅಜ್ಜ ಇತ್ತೀಚೆಗೆ ಹೇಗಿದ್ದಾರೆ, ದಾರಿ ತಪ್ಪುತ್ತಾರಾ, ನೆಂಟರ ಗುರುತು ಹಿಡಿಯುತ್ತಾರಾ.

ಈ ಪರೀಕ್ಷೆಯನ್ನು ಹಿಡಿದು ಸಮೀಕ್ಷೆ ಮಾಡಿದಾಗ ಗೊತ್ತಾಗಿದ್ದು ಏನು? 45 ದಾಟಿದ ಅಬೊರಿಜಿನಲ್ ಜನರಲ್ಲಿ ನೂರಕ್ಕೆ ಹನ್ನೆರಡು ಮಂದಿಗೆ ಡಿಮೆನ್ಷಿಯಾ ಇತ್ತು. ಒಟ್ಟು ಆಸ್ಟ್ರೇಲಿಯನ್ನರಲ್ಲಿ ಅದೇ ವಯಸ್ಸಿನವರ ಪ್ರಮಾಣಕ್ಕೆ ಹೋಲಿಸಿದರೆ ಸುಮಾರು ಐದು ಪಟ್ಟು. ಅಲ್ಲಿಯವರೆಗೆ ಇದು ಯಾರ ಲೆಕ್ಕದಲ್ಲೂ ಇರಲಿಲ್ಲ. ಲೆಕ್ಕದಲ್ಲಿ ಇಲ್ಲದ ಕಾಯಿಲೆಗೆ ಹಣ ಬರುವುದಿಲ್ಲ, ನೋಡಿಕೊಳ್ಳುವವರು ಬರುವುದಿಲ್ಲ.

ಈ ಉದಾಹರಣೆ ನನಗೆ ತುಂಬಾ ಮುಖ್ಯ. ಸಂಸ್ಕೃತಿಗೆ ಹೊಂದುವ ರೋಗಪತ್ತೆ ಅಂದ ಕೂಡಲೇ ಕೆಲವರು, ಓಹೋ, ಕಾಯಿಲೆಯನ್ನು ಕಾಯಿಲೆ ಅನ್ನಬಾರದು ಅಂತ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಇಲ್ಲಿ ಆಗಿದ್ದು ಪೂರ್ತಿ ಉಲ್ಟಾ. ಸರಿಯಾಗಿ ಕೇಳಿದಾಗ ಕಾಯಿಲೆ ಮೊದಲ ಸಲ ಕಂಡಿತು.

ಖಿನ್ನತೆಯದೂ ಇದೇ ಕತೆ. ಅಲೆಕ್ಸ್ ಬ್ರೌನ್ ಅಂತ ಒಬ್ಬ ಡಾಕ್ಟರು, ಸ್ವತಃ ಅಬೊರಿಜಿನಲ್ ಮನುಷ್ಯ. ಮಧ್ಯ ಆಸ್ಟ್ರೇಲಿಯಾದ ಗಂಡಸರ ಹೃದಯದ ಕಾಯಿಲೆ ಮತ್ತು ಮನಸ್ಸಿನ ಸಂಬಂಧ ನೋಡಲು ಹೊರಟ ತಂಡ ಅವರದು. ಅಲ್ಲಿಯ ಗಂಡಸರು ತಮ್ಮ ಸಂಕಟವನ್ನು ಹೇಗೆ ಹೇಳಿಕೊಳ್ಳುತ್ತಾರೆ ಅಂತ ಮೊದಲು ಕೇಳಿಸಿಕೊಂಡರು. ಪುಸ್ತಕದಲ್ಲಿರುವ ಲಕ್ಷಣಗಳು ಹೆಚ್ಚಿನಂಶ ಅಲ್ಲೂ ಇದ್ದವು. ನಿದ್ದೆಗೇಡು, ಸುಸ್ತು, ಯಾವುದೂ ಬೇಡ ಅನ್ನಿಸುವುದು. ಆದರೆ ಅವರು ಮೊದಲು ಹೇಳುತ್ತಿದ್ದ ಮಾತುಗಳಿಗೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಸಿಟ್ಟು. ಮಿತಿಮೀರಿದ ಚಿಂತೆ. ಊರಿನ ಹಂಬಲ. ಎಲ್ಲಕ್ಕಿಂತ ಹೆಚ್ಚಾಗಿ, ಒಳಗಿನ ಚೈತನ್ಯವೇ ಬತ್ತಿಹೋಗಿದೆ ಅನ್ನುವ ಮಾತು. ಮರುಭೂಮಿಯ ಭಾಷೆಗಳಲ್ಲಿ ಇದಕ್ಕೆ ‘ಕುರುನ್ಪ’ ಅನ್ನುತ್ತಾರೆ. ನಾವು ಜೀವ ಅನ್ನುತ್ತೇವಲ್ಲ, ‘ಜೀವ ಸೊರಗಿದೆ’ ಅಂತ, ಅದಕ್ಕೆ ಹತ್ತಿರ.

ಈಗ ನೋಡಿ, ಸಿಟ್ಟು ಮುಂದಾಗಿ ಕಾಣುವ ಒಬ್ಬ ಗಂಡಸು. ಪೊಲೀಸರ ಕೈಗೆ ಸಿಕ್ಕರೆ ಅವನು ಗಲಾಟೆ ಮಾಡುವವನು, ಕ್ಲಿನಿಕ್ಕಿಗೆ ಬಂದರೆ ಕುಡುಕ. ಖಿನ್ನತೆ ಅಂತ ಯಾರೂ ಬರೆಯುವುದಿಲ್ಲ. ಮೂಲನಿವಾಸಿಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಉಳಿದ ಆಸ್ಟ್ರೇಲಿಯನ್ನರ ಎರಡು ಪಟ್ಟಿಗೂ ಹೆಚ್ಚು. ಪತ್ತೆಯಾಗದ ಖಿನ್ನತೆ ಅಂದರೆ ಸಣ್ಣ ಮಾತಲ್ಲ.

ನಾನು ಶುರುವಿನಲ್ಲಿ ಹೇಳಿದ ತಿದ್ದಿದ ಪ್ರಶ್ನಾವಳಿ ಈ ಕೆಲಸದಿಂದ ಹುಟ್ಟಿದ್ದು. ಅದರಲ್ಲಿ ‘ನಿಮ್ಮ ಜೀವ ದುಃಖದಲ್ಲಿದೆ ಅನ್ನಿಸಿತಾ’ ಅಂತ ಕೇಳುತ್ತಾರೆ. ‘ಮನೆಯವರ ನಂಬಿಕೆ ಉಳಿಸಿಕೊಳ್ಳಲಿಲ್ಲ, ನಾನು ಯಾವುದಕ್ಕೂ ಬಾರದವನು ಅನ್ನಿಸಿತಾ’ ಅಂತ ಕೇಳುತ್ತಾರೆ. ಉತ್ತರವೂ ಬದಲಾಗಿದೆ. ‘ಅರ್ಧಕ್ಕಿಂತ ಹೆಚ್ಚು ದಿನ’ ಅನ್ನುವ ಲೆಕ್ಕಾಚಾರ ತೆಗೆದು, ಇಲ್ಲವೇ ಇಲ್ಲ, ಸ್ವಲ್ಪ, ಬಹುಪಾಲು ಹೊತ್ತು, ಯಾವಾಗಲೂ ಅಂತ ಇಟ್ಟಿದ್ದಾರೆ.

ತಿದ್ದಿದ್ದು ಸಾಕಾ? ಸಾಲದು. ನಿಜವಾಗಿ ಕೆಲಸ ಮಾಡುತ್ತದಾ ಅಂತ ಪರೀಕ್ಷೆ ಮಾಡಬೇಕು. 2015 ಮತ್ತು 2016ರಲ್ಲಿ ದೇಶದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ 500 ಮೂಲನಿವಾಸಿಗಳಿಗೆ ಈ ಪ್ರಶ್ನಾವಳಿ ಕೊಟ್ಟರು. ಅವರನ್ನೇ ಬೇರೆಯಾಗಿ ವಿವರವಾದ ಸಂದರ್ಶನವನ್ನೂ ಮಾಡಿದರು. ಎರಡನ್ನೂ ಹೋಲಿಸಿದರು. 10 ಅಂಕದ ಗೆರೆ ಇಟ್ಟುಕೊಂಡರೆ, ಖಿನ್ನತೆ ಇದ್ದ ನೂರು ಜನರಲ್ಲಿ 84 ಮಂದಿಯನ್ನು ಪ್ರಶ್ನಾವಳಿ ಹಿಡಿಯಿತು. ಅಂಕ ಕೂಡುವುದನ್ನು ಬಿಟ್ಟು, ಇಂತಿಂಥ ಲಕ್ಷಣ ಇರಲೇಬೇಕು ಅನ್ನುವ ಪುಸ್ತಕದ ಸೂತ್ರ ಹಿಡಿದರೆ ಸಿಕ್ಕಿದ್ದು 54 ಮಾತ್ರ. ಅದೇ ಜನ, ಅದೇ ಉತ್ತರಗಳು. ಸೂತ್ರಕ್ಕೆ ಜೋತುಬಿದ್ದರೆ ಅರ್ಧಕ್ಕರ್ಧ ಜನ ಕೈತಪ್ಪಿ ಹೋಗುತ್ತಾರೆ. ಹತ್ತರ ಗೆರೆಗೂ ಬೆಲೆ ಇದೆ. ಖಿನ್ನತೆ ಇಲ್ಲದ ನೂರರಲ್ಲಿ 23 ಮಂದಿಯನ್ನು ಅದು ಸುಮ್ಮನೆ ಅನುಮಾನಿಸುತ್ತದೆ. ಜರಡಿಗೆ ಅದು ಪರವಾಗಿಲ್ಲ, ಮುಂದೆ ಕೂತು ಮಾತಾಡುವವರು ಒಬ್ಬರು ಇದ್ದರೆ. ಇಲ್ಲದಿದ್ದರೆ ಆ 23 ಜನಕ್ಕೂ ಸುಮ್ನೆ ಒಂದು ಹಣೆಪಟ್ಟಿ.

ಈ ಮುಂದೆ ಕೂತು ಮಾತಾಡುವುದು ಇದೆಯಲ್ಲ, ಅದರ ಬಗ್ಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬಾಣಂತಿಯರ ಖಿನ್ನತೆ ನೋಡಲು ಎಡಿನ್‌ಬರಾ ಮಾಪನ ಅಂತ ಒಂದಿದೆ, 1987ರದ್ದು, ನಮ್ಮಲ್ಲೂ ಬಳಸುತ್ತಾರೆ. ಕಿಂಬರ್ಲಿಯ ಅಬೊರಿಜಿನಲ್ ಹೆಂಗಸರು ಮತ್ತು ಅಲ್ಲಿಯ ಆರೋಗ್ಯ ಕಾರ್ಯಕರ್ತೆಯರು ಸೇರಿ ಅದನ್ನು ತಮಗೆ ಬೇಕಾದ ಹಾಗೆ ಕಟ್ಟಿಕೊಂಡರು. ಕಿಂಬರ್ಲಿ ಮಮ್ಸ್ ಮೂಡ್ ಸ್ಕೇಲ್ ಅಂತ ಹೆಸರು. ಎರಡು ಭಾಗ. ಮೊದಲನೆಯದು ಹಳೆಯ ಪ್ರಶ್ನೆಗಳೇ, ಅವರು ಮಾತಾಡುವ ಇಂಗ್ಲಿಷಿನಲ್ಲಿ, ಚಿತ್ರಗಳ ಜೊತೆ. ಎರಡನೆಯದು ಪ್ರಶ್ನಾವಳಿಯೇ ಅಲ್ಲ, ಹರಟೆ. ಅಲ್ಲಿ ‘ಯಾರ್ನಿಂಗ್’ ಅನ್ನುತ್ತಾರೆ. ಮನೆಯಲ್ಲಿ ಯಾರು ಆಸರೆಗಿದ್ದಾರೆ, ನೀನು ಚಿಕ್ಕವಳಿದ್ದಾಗ ಹೇಗಿತ್ತು, ಗಂಡ ಹೇಗೆ, ಏನು ಚಿಂತೆ, ನಿನಗೆ ಧೈರ್ಯ ಕೊಡುವುದು ಏನು. ಕೊನೆಗೆ ನರ್ಸು ತೀರ್ಮಾನಿಸುವುದು ಎರಡೂ ಭಾಗ ಸೇರಿಸಿ. ಅಂಕ ಜಾಸ್ತಿ ಬಂದರೂ ಹರಟೆಯಲ್ಲಿ ಗಟ್ಟಿ ಆಸರೆ ಕಂಡರೆ ತೀರ್ಮಾನ ಬೇರೆಯಾಗಬಹುದು. ಅಂಕ ಕಡಿಮೆ ಬಂದು, ಮಾತಿನಲ್ಲಿ ಹೆದರಿಕೆ ಕಂಡರೂ ಬೇರೆಯಾಗಬಹುದು.

ಯಾಕೆ ಇಷ್ಟು ಸುತ್ತಿ ಬಳಸಿ ಕೇಳಬೇಕು? ಇದಕ್ಕೆ ಚರಿತ್ರೆ ಗೊತ್ತಿರಬೇಕು. ಹೆಚ್ಚುಕಡಿಮೆ 1910ರಿಂದ 1970ರವರೆಗೆ ಸರ್ಕಾರ ಮತ್ತು ಮಿಷನ್ನುಗಳು ಅಬೊರಿಜಿನಲ್ ಮಕ್ಕಳನ್ನು ತಾಯಂದಿರ ಮಡಿಲಿನಿಂದ ಕಿತ್ತು ಅನಾಥಾಲಯಗಳಿಗೆ, ಬಿಳಿಯರ ಮನೆಗಳಿಗೆ ಸಾಗಿಸಿದವು. 1997ರ ವಿಚಾರಣಾ ವರದಿಯ ಪ್ರಕಾರ, ಆ ಕಾಲದಲ್ಲಿ ಮೂರರಿಂದ ಹತ್ತು ಮಕ್ಕಳಿಗೆ ಒಂದರಂತೆ ಹೀಗೆ ಹೋಯಿತು. ನ್ಯೂ ಸೌತ್ ವೇಲ್ಸಿನ ಕಿಂಚೆಲಾ ಅನ್ನುವ ಹುಡುಗರ ನಿಲಯದಲ್ಲಿ ಮಕ್ಕಳನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ನಂಬರಿನಿಂದ ಕರೆಯುತ್ತಿದ್ದರು. 1980ರ ದಶಕದಲ್ಲಿ ಪೊಲೀಸ್ ಮತ್ತು ಜೈಲಿನ ವಶದಲ್ಲಿ ಸತ್ತ 99 ಮೂಲನಿವಾಸಿಗಳ ಬಗ್ಗೆ ಒಂದು ರಾಯಲ್ ಕಮಿಷನ್ ತನಿಖೆ ಮಾಡಿತು. ಅವರಲ್ಲಿ 43 ಮಂದಿ ಚಿಕ್ಕಂದಿನಲ್ಲಿ ಮನೆಯವರಿಂದ ಬೇರ್ಪಟ್ಟವರು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆದರೆ ಇವತ್ತಿಗೂ ಆಸ್ಟ್ರೇಲಿಯಾದಲ್ಲಿ ಮನೆಯಿಂದ ಹೊರಗೆ, ಸರ್ಕಾರದ ಪಾಲನೆಯಲ್ಲಿರುವ ಮಕ್ಕಳಲ್ಲಿ ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳು.

ಹಾಗಿದ್ದಾಗ ಯೂನಿಫಾರಂ ಹಾಕಿಕೊಂಡು, ಕೈಯಲ್ಲಿ ಫಾರಂ ಹಿಡಿದುಕೊಂಡು ಬಂದವರು ‘ನಿನ್ನನ್ನು ನೀನೇ ಗಾಯ ಮಾಡಿಕೊಳ್ಳಬೇಕು ಅಂತ ಅನ್ನಿಸಿದೆಯಾ’ ಅಂತ ಹೊಸ ಬಾಣಂತಿಯನ್ನು ಕೇಳಿದರೆ ಅವಳು ಯಾಕೆ ನಿಜ ಹೇಳಬೇಕು? ನಿಜ ಹೇಳಿದರೆ ಮಗು ಹೋಗಬಹುದು. ಅವಳ ಅಜ್ಜಿಗೆ ಹಾಗೇ ಆಗಿರಬಹುದು. ಅವಳು ‘ಇಲ್ಲ, ಚೆನ್ನಾಗಿದ್ದೇನೆ’ ಅನ್ನುತ್ತಾಳೆ. ಸೊನ್ನೆ ಅಂಕ. ಈ ಸೊನ್ನೆ ಖಿನ್ನತೆ ಇಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ. ಎಷ್ಟು ಒಳ್ಳೆಯ ಅನುವಾದ ಮಾಡಿದರೂ ಇದನ್ನು ಸರಿಪಡಿಸೋಕೆ ಆಗಲ್ಲ. ಪರಿಚಯ ಬೇಕು, ಹೊತ್ತು ಬೇಕು, ಕೇಳುವವರು ತನ್ನವರು ಅನ್ನಿಸಬೇಕು. ಆರೋಗ್ಯ ಕೇಂದ್ರಗಳನ್ನು ಸಮುದಾಯದವರೇ ನಡೆಸಬೇಕು ಅನ್ನುವ ಬೇಡಿಕೆ ಅಲ್ಲಿ ಐವತ್ತು ವರ್ಷದಿಂದ ಇದೆ, ಅಂಥ ಕೇಂದ್ರಗಳು ಈಗ ದೇಶದ ತುಂಬಾ ಇವೆ. ಅದು ರಾಜಕೀಯದ ಬೇಡಿಕೆ ಅಂತ ಕೆಲವರು ಅನ್ನುತ್ತಾರೆ. ಇರಲಿ. ಅದರಿಂದ ರೋಗಪತ್ತೆ ಸರಿಯಾಗುತ್ತದೆ ಅನ್ನುವುದೂ ಅಷ್ಟೇ ನಿಜ.

ಮುಂದಿನ ವಿಷಯ ನೆಲ. ಅಲ್ಲಿಯವರು ‘ಕಂಟ್ರಿ’ ಅಂದಾಗ ದೇಶ ಅಂತ ಅರ್ಥವಲ್ಲ. ತಮ್ಮ ಕುಲಕ್ಕೆ ಸೇರಿದ ನೆಲ, ನೀರು, ಪ್ರಾಣಿ, ಪೂರ್ವಜರು, ಕತೆ, ಎಲ್ಲ ಸೇರಿದ್ದು. ಪ್ಯಾಟ್ ಡಜನ್ ಅನ್ನುವ ಬಾರ್ಡಿ ಸಮುದಾಯದ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ಸೇರಿ 2014ರ ಹೊತ್ತಿಗೆ ಕ್ಷೇಮದ ಒಂದು ಚೌಕಟ್ಟು ರೂಪಿಸಿದರು. ದೇಹ, ಮನಸ್ಸು, ಕುಟುಂಬ, ಸಮುದಾಯ, ಸಂಸ್ಕೃತಿ, ನೆಲ, ಪೂರ್ವಜರು, ಇವೆಲ್ಲದರ ಜೊತೆ ಮನುಷ್ಯನಿಗೆ ನಂಟು ಇರುತ್ತದೆ. ಯಾವ ನಂಟು ಹರಿದಿದೆ, ಯಾವುದು ಗಟ್ಟಿಯಾಗಿದೆ ಅಂತ ನೋಡಬೇಕು. ಪಿಎಚ್‌ಕ್ಯೂನ ಒಂಬತ್ತೂ ಪ್ರಶ್ನೆಗಳು ಇದರಲ್ಲಿ ಮೊದಲ ಎರಡರ ಸುತ್ತಲೇ ತಿರುಗುತ್ತವೆ.

ಟ್ರೇಸಿ ವೆಸ್ಟರ್ಮನ್ ಅಂತ ಇನ್ನೊಬ್ಬರಿದ್ದಾರೆ, ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದ ನ್ಯಾಮಲ್ ಸಮುದಾಯದ ಮನಶ್ಶಾಸ್ತ್ರಜ್ಞೆ. ನೆಲದಿಂದ ದೂರವಾದವರಲ್ಲಿ ಬರುವ ಸಂಕಟವನ್ನು ಅವರು ಒಂದು ಬೇರೆಯೇ ಸ್ಥಿತಿಯಾಗಿ ಬರೆದಿದ್ದಾರೆ. ಆಸ್ಪತ್ರೆಗೋ ಜೈಲಿಗೋ ಅಂತ ಸಾವಿರ ಕಿಲೋಮೀಟರ್ ದೂರ ಬಂದ ಮನುಷ್ಯ ಸೊರಗುತ್ತಾನೆ, ಅಳುತ್ತಾನೆ, ಊಟ ಬಿಡುತ್ತಾನೆ. ಲಕ್ಷಣ ನೋಡಿದರೆ ಖಿನ್ನತೆಯೇ. ಮಾತ್ರೆ ಕೊಡುವ ಮುಂಚೆ ಇವನನ್ನು ಊರಿಗೆ ಕಳಿಸಬಹುದಾ ಅಂತ ಯೋಚಿಸಬೇಕು ಅಲ್ವಾ? 13ರಿಂದ 17 ವರ್ಷದ ಹುಡುಗ ಹುಡುಗಿಯರಿಗಾಗಿ ವೆಸ್ಟರ್ಮನ್ ಒಂದು ಪಟ್ಟಿಯನ್ನೂ ಮಾಡಿದ್ದಾರೆ. ಅದರಲ್ಲಿ ಖಿನ್ನತೆ, ಆತಂಕ, ಆತ್ಮಹತ್ಯೆಯ ಯೋಚನೆ, ಕುಡಿತ ಇವುಗಳ ಜೊತೆಗೆ ಆ ಮಗುವಿಗೆ ತನ್ನ ಸಂಸ್ಕೃತಿಯಿಂದ ಎಷ್ಟು ಬಲ ಸಿಗುತ್ತಿದೆ ಅಂತಲೂ ಅಳೆಯುತ್ತಾರೆ. ಏನು ಕೆಟ್ಟಿದೆ ಅಂತ ಮಾತ್ರ ನೋಡಿ, ಏನು ಉಳಿದಿದೆ ಅಂತ ನೋಡದ ಪರೀಕ್ಷೆ ಅರ್ಧ ಪರೀಕ್ಷೆ ಅಂತ ನಾನು ನಂಬುತ್ತೇನೆ.

ನೆಲದ ಮಾತು ಬಂದಾಗ ನಮ್ಮ ನಾಗರಹೊಳೆ ನೆನಪಾಗದೇ ಇರಲ್ಲ. ಅಲ್ಲಿಯ ಕಾಡಿನಿಂದ ಎಷ್ಟೋ ಜೇನುಕುರುಬರನ್ನು ಹೊರಗೆ ಹಾಕಿ ದಶಕಗಳಾದವು. ಅವರ ದೈವಗಳು, ಹಿರಿಯರನ್ನು ಮಣ್ಣು ಮಾಡಿದ ಜಾಗಗಳು ಕಾಡಿನ ಒಳಗೇ ಇವೆ. ಕಾಡಂಚಿನ ಕಾಲೊನಿಯಲ್ಲಿ ಕುಡಿತಕ್ಕೆ ಬಿದ್ದ ಒಬ್ಬನನ್ನು ನಾವು ನಾಳೆ ಕೌನ್ಸೆಲಿಂಗಿಗೆ ಕೂರಿಸಿದರೆ, ನಮ್ಮ ಫಾರಂನಲ್ಲಿ ಕಾಡಿನ ಬಗ್ಗೆ ಒಂದಾದರೂ ಪ್ರಶ್ನೆ ಇರಬೇಕು. ಇದನ್ನು ನಾನು ಬೇರೆ ದಿನ ವಿವರವಾಗಿ ಮಾತಾಡಬೇಕು, ಇವತ್ತು ಇಷ್ಟೇ.

ಇನ್ನು ಅಲ್ಲಿಯ ಪಾರಂಪರಿಕ ವೈದ್ಯರು. ಮರುಭೂಮಿಯಲ್ಲಿ ಅವರನ್ನು ‘ನ್ಗಂಕಾರಿ’ ಅನ್ನುತ್ತಾರೆ. ಎನ್‌ಪಿವೈ ಮಹಿಳಾ ಮಂಡಳಿ ಅನ್ನುವ ಅಬೊರಿಜಿನಲ್ ಹೆಂಗಸರದ್ದೇ ಸಂಸ್ಥೆ ಇವರನ್ನು ಕೆಲಸಕ್ಕೆ ಇಟ್ಟುಕೊಂಡಿದೆ. ಕ್ಲಿನಿಕ್ಕು, ಆಸ್ಪತ್ರೆಗಳಿಗೆ ಹೋಗಿ ಡಾಕ್ಟರುಗಳ ಜೊತೆಯಲ್ಲೇ ಅವರು ರೋಗಿಗಳನ್ನು ನೋಡುತ್ತಾರೆ. ಅದೇ ಸಂಸ್ಥೆ ‘ಉಟಿ ಕುಲಿಂಟ್ಜಾಕು’ ಅನ್ನುವ ಕೆಲಸ ಶುರುಮಾಡಿತು. ಹಾಗಂದರೆ ಸ್ಪಷ್ಟವಾಗಿ ಕೇಳಿ, ಯೋಚಿಸಿ, ಅರ್ಥ ಮಾಡಿಕೊಳ್ಳುವುದು. ಹಿರಿಯ ಹೆಂಗಸರು, ನ್ಗಂಕಾರಿಗಳು, ಮನೋವೈದ್ಯರು, ದುಭಾಷಿಗಳು ಒಟ್ಟಿಗೆ ಕೂರುತ್ತಾರೆ. ಮನಸ್ಸಿನ ಸ್ಥಿತಿಗಳಿಗೆ ತಮ್ಮ ಭಾಷೆಯಲ್ಲಿ ಏನೇನು ಪದಗಳಿವೆ ಅಂತ ಚರ್ಚಿಸುತ್ತಾರೆ. ಡಾಕ್ಟರುಗಳು ಟ್ರಾಮಾ, ಅಂದರೆ ಮನಸ್ಸಿಗೆ ಬಿದ್ದ ಪೆಟ್ಟು, ಏನು ಅಂತ ವಿವರಿಸುತ್ತಾರೆ, ಹೆಂಗಸರು ಅದಕ್ಕೆ ತಮ್ಮ ಅನುಭವದಿಂದ ಉತ್ತರ ಕೊಡುತ್ತಾರೆ. ಎರಡೂ ಕಡೆಯವರು ಕಲಿಯುತ್ತಾರೆ. ನನಗೆ ಗೊತ್ತಿರುವ ಎಲ್ಲ ಪ್ರಯತ್ನಗಳಲ್ಲಿ ಇದು ಅತಿ ನಿಧಾನದ್ದು, ನನಗೆ ಅತಿ ಇಷ್ಟವಾದದ್ದೂ ಇದೇ.

ಅಮೆರಿಕದ ಮನೋವೈದ್ಯರು ರೋಗಪತ್ತೆಗೆ ಮಾಡಿದ ಕೈಪಿಡಿ ಡಿಎಸ್‌ಎಂ-5 ಬಗ್ಗೆ ಯಾರಾದರೂ ಕೇಳುತ್ತೀರಿ ಅಂತ ಗೊತ್ತು. 2013ರಲ್ಲಿ ಅದರಲ್ಲಿ 16 ಪ್ರಶ್ನೆಗಳ ಒಂದು ಸಾಂಸ್ಕೃತಿಕ ಸಂದರ್ಶನವನ್ನು ಸೇರಿಸಿದರು. ಅದನ್ನು ಪರೀಕ್ಷಿಸಿ ನೋಡಿದ ದೇಶಗಳಲ್ಲಿ ನಮ್ಮದೂ ಒಂದು, ಪುಣೆಯಲ್ಲಿ ನಡೆಯಿತು. ನಿಮ್ಮ ಸಮಸ್ಯೆಯನ್ನು ನಿಮ್ಮ ಮನೆಯವರಿಗೆ ಹೇಳಬೇಕಾದರೆ ಹೇಗೆ ಹೇಳುತ್ತೀರಿ ಅಂತ ಅದರಲ್ಲಿ ಒಂದು ಪ್ರಶ್ನೆಯಿದೆ. ಬಹಳ ಒಳ್ಳೆಯ ಪ್ರಶ್ನೆ, ನಾಳೆಯಿಂದಲೇ ನೀವು ಬಳಸಬಹುದು. ಆದರೆ ಅದು ಕೂಡ ಒಬ್ಬ ಡಾಕ್ಟರು, ಒಬ್ಬ ರೋಗಿ, ಒಂದು ಕೋಣೆ ಅನ್ನುವ ಏರ್ಪಾಟಿನ ಒಳಗಿನದು. ಕೋಣೆಯ ಹೊರಗಿನ ಚರಿತ್ರೆಗೆ ಅದರಲ್ಲಿ ಜಾಗ ಕಡಿಮೆ.

ಒಂದು ಎಚ್ಚರಿಕೆಯ ಮಾತು. ಇದನ್ನೆಲ್ಲ ಕಲಿತವರು ಇನ್ನೊಂದು ಹಳ್ಳಕ್ಕೆ ಬೀಳಬಹುದು. ಸ್ಕಿಜೋಫ್ರೀನಿಯಾದಿಂದ ನಿಜವಾಗಿ ನರಳುತ್ತಿರುವ ಹುಡುಗನನ್ನು ನೋಡಿ ‘ಅದು ಅವರ ಸಂಸ್ಕೃತಿ’ ಅಂತ ಕಳಿಸಿಬಿಡುವುದು. ಇದು ಗೌರವವಲ್ಲ, ಕೈತೊಳೆದುಕೊಳ್ಳುವುದು. ಅಜ್ಜಿಯ ದನಿ ಕೇಳಿಸುವುದು ಬೇರೆ. ನಿನ್ನ ತಮ್ಮನನ್ನು ಕೊಲ್ಲು ಅಂತ ಹಗಲೂ ರಾತ್ರಿ ಬೈಯುವ ದನಿ ಕೇಳಿಸುವುದು ಬೇರೆ. ಎರಡರ ನಡುವೆ ಅನುಮಾನ ಬಂದಾಗ ಪುಸ್ತಕ ತೆರೆಯುವ ಮುಂಚೆ ಅವನ ಮನೆಯ ಹಿರಿಯರನ್ನು ಕೇಳಿ. ನಿಮ್ಮಲ್ಲಿ ಹೀಗಾಗುವುದು ಇದೆಯಾ? ಇವನಿಗೆ ಆಗುತ್ತಿರುವುದು ಅದೇನಾ? ಅವರು ‘ಇಲ್ಲ, ಇವನಿಗೆ ಹುಷಾರಿಲ್ಲ’ ಅಂದರೆ ತಡ ಮಾಡದೆ ಚಿಕಿತ್ಸೆ ಶುರುಮಾಡಿ.

ನಮ್ಮ ಕಡೆಯಿಂದ ಎಷ್ಟೋ ಡಾಕ್ಟರುಗಳು, ನರ್ಸುಗಳು ಆಸ್ಟ್ರೇಲಿಯಾಕ್ಕೆ ಹೋಗುತ್ತಾರೆ, ಕೆಲವರಿಗೆ ಕೆಲಸ ಸಿಗುವುದು ಇಂಥ ದೂರದ ಊರುಗಳಲ್ಲಿ. ಇಲ್ಲಿರುವ ಕೆಲವರು ಮುಂದೆ ಹೋಗಬಹುದು. ಹೋದ ಮೊದಲ ವಾರದಲ್ಲೇ ಆ ಕೇಂದ್ರದ ಅಬೊರಿಜಿನಲ್ ಆರೋಗ್ಯ ಕಾರ್ಯಕರ್ತರ ಪರಿಚಯ ಮಾಡಿಕೊಳ್ಳಿ, ಅವರು ಹೇಳುವ ತನಕ ಫಾರಂ ತೆಗೆಯಬೇಡಿ. ಗಂಡಸರ ವಿಷಯ ಗಂಡಸರೇ, ಹೆಂಗಸರ ವಿಷಯ ಹೆಂಗಸರೇ ಕೇಳಬೇಕಾದ ಕಡೆಗಳಿವೆ. ಅತ್ತೆ-ಅಳಿಯ ಒಬ್ಬರ ಮುಂದೊಬ್ಬರು ಕೂರಬಾರದು ಅನ್ನುವ ನಿಯಮ ಇರುವ ಕಡೆಗಳಿವೆ. ದುಭಾಷಿಯನ್ನು ಕರೆಸುವ ಮುಂಚೆ ರೋಗಿಗೂ ಅವರಿಗೂ ಏನು ನೆಂಟು ಅಂತ ವಿಚಾರಿಸಿ. ನೀವು ಯಾವ ಊರಿನವರು, ನಿಮ್ಮ ಮನೆಯವರು ಯಾರು ಅಂತ ಅವರೂ ನಿಮ್ಮನ್ನು ಕೇಳುತ್ತಾರೆ. ಅದಕ್ಕೆ ಪೂರ್ತಿ ಉತ್ತರ ಕೊಡಿ, ಆಮೇಲೆ ನಿಮ್ಮ ಪ್ರಶ್ನೆ ಕೇಳಿ.